ಹೊಸ್ತಿಲು ದಾಟಿಸುವ ಚಿಕ್ಕಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ಮಾಡಿನ ಕೋಣೆಯೊಂದರಲ್ಲಿ ಮಿಕ್ಸಿ ಗರ್ರೆನ್ನುತ್ತಿದೆ. ಅದರೊಳಗೆ ರುಬ್ಬುವುದಕ್ಕೆ ಏನೂ ಇಲ್ಲ, ಬರೀ ನೀರು. ಅದನ್ನು ತಿರುಗಿಸುತ್ತಿರುವ ಹೆಂಗಸು ಇನ್ನೊಂದು ಕೈಯಲ್ಲಿ ಕರೆಗಂಟೆ ಒತ್ತುತ್ತಾರೆ, ಟೀವಿ ಹಾಕುತ್ತಾರೆ, ಆಮೇಲೆ ಬೇಕೆಂದೇ ಸ್ಟೀಲ್ ತಟ್ಟೆಯೊಂದನ್ನು ನೆಲಕ್ಕೆ ಬೀಳಿಸುತ್ತಾರೆ. ಇಷ್ಟು ಗದ್ದಲದ ನಡುವೆ ಹಳೆಯ ಸೋಫಾದ ಮೇಲೆ ಮೂರು ನಾಯಿಗಳು ಒತ್ತಿಕೊಂಡು ಮಲಗಿವೆ. ಒಂದು ಆಕಳಿಸುತ್ತದೆ. ಒಂದು ಕಿವಿ ಕೆರೆದುಕೊಳ್ಳುತ್ತದೆ. ಮೂರನೆಯದು ತಲೆಯೆತ್ತಿ, ತಿನ್ನುವಂಥದ್ದೇನೂ ಬಿದ್ದಿಲ್ಲವೆಂದು ಖಾತ್ರಿ ಮಾಡಿಕೊಂಡು ಮತ್ತೆ ಕಣ್ಣು ಮುಚ್ಚುತ್ತದೆ.

"ನೋಡಿದ್ರಾ? ಇವ್ರಿಗೆಲ್ಲ ಸಂಸಾರದ ಸದ್ದು ಅಭ್ಯಾಸ ಆಗಿಹೋಯ್ತು," ಎಂದು ಅವರು ಮಿಕ್ಸಿ ನಿಲ್ಲಿಸುತ್ತಾರೆ. "ಬಂದ ಹೊಸದ್ರಲ್ಲಿ ಫ್ಯಾನ್ ತಿರುಗಿದ್ರೂ ಮೂಲೆ ಸೇರ್ತಿದ್ರು. ಈಗ ನಾನು ಬಿದ್ರೂ ಏಳೋದಿಲ್ಲ."

ಇದು ನಾಯಿಮರಿಗಳನ್ನು ಸಾಕಿ ಮಾರುವ ಕೇಂದ್ರ. ಇಲ್ಲಿ ಎಲ್ಲರೂ ಈ ಹೆಂಗಸನ್ನು ಚಿಕ್ಕಮ್ಮ ಎಂದೇ ಕರೆಯುತ್ತಾರೆ. ಗೂಡು ತೊಳೆಯುವ ಕೆಲಸಕ್ಕೆ ಸೇರಿದಾಗ ಜಡೆ ಹಾಕಿಕೊಂಡು ಬರುತ್ತಿದ್ದರಂತೆ. ಈಗ ನರೆತ ಕೂದಲನ್ನು ತುರುಬು ಕಟ್ಟಿದ್ದಾರೆ. ತೊಳೆಯುವ ಕೆಲಸ ಈಗಲೂ ತಪ್ಪಿಲ್ಲ. ಆದರೆ ಅದು ಮುಗಿಯುತ್ತಿದ್ದಂತೆ ಈ ಕೋಣೆಗೆ ಬಂದು, ವಯಸ್ಸಾದ ತಾಯಿನಾಯಿಗಳಿಗೆ ಮನೆಯೆಂದರೇನು ಎಂಬುದನ್ನು ಕಲಿಸುತ್ತಾರೆ. ಅಂಥದ್ದೊಂದು ಕೆಲಸವಿದೆಯೆಂದು ಕಾನೂನು ಬರೆದವರಿಗೂ ಬಹುಶಃ ಹೊಳೆದಿರಲಿಕ್ಕಿಲ್ಲ.

ನಾಯಿ, ಬೆಕ್ಕುಗಳ ಮಾರಾಟಕ್ಕೆ ಹೊಸ ಕಾನೂನು ಬಂದ ವರ್ಷ ಈ ಕೇಂದ್ರದ ಯಜಮಾನರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಬೇರೆ ಮಾಡುವಂತಿಲ್ಲ. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಮರಿಗಳನ್ನು ಸಾಲಾಗಿ ಇಟ್ಟು ಮಾರುವಂತಿಲ್ಲ. ಕೊಳ್ಳುವವರು ತಾಯಿಯ ಜೊತೆಗೇ ಮರಿಯನ್ನು ನೋಡಬೇಕು. ಹೊಂದಿಕೆಯಾಗದಿದ್ದರೆ ಮಾರಿದವರು ವಾಪಸ್ಸು ತೆಗೆದುಕೊಳ್ಳಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಒಂದು ವಯಸ್ಸು ದಾಟಿದ ತಾಯಿಯಿಂದ ಮರಿ ಹಾಕಿಸುವಂತಿಲ್ಲ; ಅವಳಿಗೊಂದು ಮನೆ ಹುಡುಕಿಕೊಡಬೇಕು.

"ನಾನು ಅವತ್ತು ಬಾಣಂತಿಯರಿಗೆಲ್ಲ ಒಂದೊಂದು ಲೋಟ ಹಾಲು ಜಾಸ್ತಿ ಹಾಕ್ದೆ," ಎಂದು ನಗುತ್ತಾರೆ ಚಿಕ್ಕಮ್ಮ. ಮರಿ ಹಾಕಿದ ನಾಯಿಗಳು ಅವರ ಬಾಯಲ್ಲಿ ಬಾಣಂತಿಯರು. ಸೋಫಾದ ಮೇಲಿರುವವರು ನಿವೃತ್ತ ಬಾಣಂತಿಯರು. ಚಿಕ್ಕಮ್ಮನ ಎದುರು ಯಾವ ನಾಯಿಯನ್ನೂ 'ಅದು' ಅನ್ನುವಂತಿಲ್ಲ. ಇವರ ಬಗ್ಗೆ ಬರೆಯಲು ಬಂದ ನಾನು ಒಮ್ಮೆ ಅಂದು, ತಿದ್ದಿಸಿಕೊಂಡೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ನಾಯಿಗಳು ಆ ಮನೆಗಳಲ್ಲಿ ನಿಲ್ಲುವುದು ಕಷ್ಟವಾಯಿತು. ಹುಟ್ಟಿದಾಗಿನಿಂದ ಸಿಮೆಂಟು ನೆಲ, ಕಬ್ಬಿಣದ ಜಾಲರಿ ಬಿಟ್ಟು ಬೇರೇನೂ ಕಾಣದವರು ಅವರು. ಮೊದಲು ಹೋದವಳು ಹೊಳೆಯುವ ನೆಲದ ಮೇಲೆ ಕಾಲಿಡಲಾರದೆ ಬಚ್ಚಲಿನಲ್ಲೇ ಎರಡು ದಿನ ಕೂತಳಂತೆ. ಮೂರನೆಯ ದಿನ ಆ ಮನೆಯವರು ಅವಳನ್ನು ತಂದು ಬಿಟ್ಟು, "ನಿಮ್ಮ ನಾಯಿ ಕೆಟ್ಟಿದೆ" ಎಂದರು.

"ಕೆಟ್ಟಿಲ್ಲ ಸ್ವಾಮಿ, ಅವಳಿಗೆ ಮನೆ ಅಂದ್ರೆ ಗೊತ್ತಿಲ್ಲ ಅಷ್ಟೇ ಅಂದೆ. ಸೊಸೆ ಬಂದ ದಿನಾನೇ ಉಪ್ಪಿನ ಡಬ್ಬ ಎಲ್ಲಿದೆ ಅಂತ ಹೇಳ್ಬಿಡ್ತಾಳಾ?"

ಆಮೇಲೆ ಚಿಕ್ಕಮ್ಮ ಯಜಮಾನರ ಬೆನ್ನು ಹತ್ತಿ, ಆಹಾರದ ಚೀಲಗಳನ್ನು ಒಟ್ಟುತ್ತಿದ್ದ ಈ ಕೋಣೆಯನ್ನು ಬಿಡಿಸಿಕೊಂಡರು. ಯಾರೋ ಎಸೆದ ಸೋಫಾ, ತಂಗಿಯ ಮನೆಯ ಹಳೆಯ ಟೀವಿ, ಕಾಲು ಮುರಿದ ಊಟದ ಮೇಜು, ಒಂದು ನಿಲುಗನ್ನಡಿ ಬಂದವು. ನೆಲಕ್ಕೆ ನುಣುಪಾದ ಹಾಸು ಬಂತು. ಈಗ ಇಡೀ ಕೇಂದ್ರದಲ್ಲಿ ಇದಕ್ಕೆ 'ಮನೆ' ಎಂದೇ ಹೆಸರು. ಯಜಮಾನರು ಮಾತ್ರ ಮೊದಮೊದಲು ಗೊಣಗುತ್ತಿದ್ದರು. "ನಾಯಿ ಬಾಲ ಎಷ್ಟು ದಿನ ಕಟ್ಟಿದ್ರೂ ಡೊಂಕೇ, ಚಿಕ್ಕಮ್ಮ."

"ಬಾಲ ಡೊಂಕಾಗಿಯೇ ಇರ್ಲಿ ಬಿಡಿ ಯಜಮಾನ್ರೇ. ನಾನು ಕಲಿಸ್ತಿರೋದು ಕಾಲಿಗೆ."

ಅಲ್ಲಿಂದ ಒಬ್ಬೊಬ್ಬರಾಗಿ ಹೋದರು. ಹೋದವರ ಫೋಟೋಗಳು ಚಿಕ್ಕಮ್ಮನ ಫೋನಿನಲ್ಲಿವೆ. ಒಬ್ಬಳು ಹಾಸಿಗೆಯ ನಡುವೆ ಮಲಗಿದ್ದಾಳೆ, ಮನೆಯೊಡೆಯ ಅಂಚಿನಲ್ಲಿ ಜೋತುಬಿದ್ದಿದ್ದಾನೆ. ಅದನ್ನು ತೋರಿಸುವಾಗ ಚಿಕ್ಕಮ್ಮನಿಗೆ ನಗು ತಡೆಯಲಾಗುವುದಿಲ್ಲ.

ಹೋಗಲೊಲ್ಲದೆ ಉಳಿದವಳು ಮುನಿಸಮ್ಮ.

ಸೋಫಾದಿಂದ ದೂರ, ಬಾಗಿಲಿಗೆ ಬೆನ್ನು ಮಾಡಿ ಕಂಬಳಿಯ ಮೇಲೆ ಮಲಗಿರುವ ಕಂದು ಬಣ್ಣದ ನಾಯಿ. ಮೂತಿಯ ಸುತ್ತ ಬಿಳಿ ಕೂದಲು. ಮುಂಗಾಲುಗಳ ನಡುವೆ ಗಂಡಸರ ಒಂದು ಚಪ್ಪಲಿ, ಎಡಗಾಲಿನದು. ಅವಳಿಗೆ ಮಿಕ್ಸಿಯೆಂದರೆ ಹೆದರಿಕೆಯಿಲ್ಲ, ಕನ್ನಡಿಯೆಂದರೂ ಇಲ್ಲ. ಅವಳದು ಒಂದೇ ಹಟ: ಬಾಗಿಲು ದಾಟಿ ಹೊರಗೆ ಹೋಗುವುದಿಲ್ಲ. ಎರಡು ಮನೆಯವರು ಎತ್ತಿಕೊಂಡು ಹೋಗಿ ಎರಡು ಮನೆಯವರೂ ವಾಪಸ್ಸು ತಂದರು. ಅಲ್ಲೂ ಹೊರಗೆ ಎಳೆದರೆ ನೆಲಕ್ಕೆ ಅಂಟುತ್ತಿದ್ದಳು, ಎತ್ತಿದರೆ ಕಿರುಚುತ್ತಿದ್ದಳು, ಬಿಟ್ಟರೆ ಕೋಣೆಯಲ್ಲೇ ಎಲ್ಲವನ್ನೂ ಮುಗಿಸುತ್ತಿದ್ದಳು.

"ಯಾಕೆ ಅಂತ ನನಗೆ ತಕ್ಷಣ ಹೊಳೀಲಿಲ್ಲ. ಹೊಳೆದ ದಿನ ಊಟ ಸೇರಲಿಲ್ಲ," ಎನ್ನುತ್ತಾರೆ ಚಿಕ್ಕಮ್ಮ. ಕಾನೂನು ಬರುವ ಮೊದಲು ಇಲ್ಲೊಂದು ಪದ್ಧತಿಯಿತ್ತು. ಗಿರಾಕಿಯ ಕಾರು ಬಂದರೆ ತಾಯಿಯನ್ನು ಹಿಂಬಾಗಿಲಿನಿಂದ ಸ್ನಾನಕ್ಕೆ ಕರೆದೊಯ್ಯುತ್ತಿದ್ದರು. ತಾಯಿ ಅತ್ತರೆ ಗಿರಾಕಿಗೆ ಬೇಜಾರಾಗುತ್ತದೆಂದು. ಸ್ನಾನ ಮುಗಿಸಿ ಒಳಗೆ ಬಂದಾಗ ಬುಟ್ಟಿಯಲ್ಲಿ ಒಂದು ಮರಿ ಕಡಿಮೆ. "ಬೇರೆಯವ್ರು ಹುಡುಕಾಡಿ ಸುಮ್ಮನಾಗ್ತಿದ್ರು. ಇವಳು ಲೆಕ್ಕ ಇಟ್ಕೊಂಡ್ಳು. ಬಾಗಿಲು ದಾಟಿದ್ರೆ ಹಿಂದೆ ಇರೋದು ಹೋಗುತ್ತೆ. ಅವಳ ತಪ್ಪೇನಿದೆ, ಹೇಳಿ."

ದಾರಿ ತೋರಿಸಿದ್ದು ಚಪ್ಪಲಿ. ಒಂದು ನಸುಕಿನಲ್ಲಿ ಅವಸರದಿಂದ ಹೊರಟ ಚಿಕ್ಕಮ್ಮ ಗಂಡನ ಚಪ್ಪಲಿ ಮೆಟ್ಟಿಕೊಂಡು ಬಂದಿದ್ದರು. ಕೋಣೆಯ ಒಳಗೆ ಬಿಟ್ಟಿದ್ದ ಜೋಡಿಯಲ್ಲಿ ಒಂದನ್ನು ಮುನಿಸಮ್ಮ ಕಂಬಳಿಗೆ ಎಳೆದುಕೊಂಡು, ಅದರ ಸುತ್ತ ಮೈ ಸುತ್ತಿ ಮಲಗಿಬಿಟ್ಟಳು. ಚಿಕ್ಕಮ್ಮ ಅದನ್ನು ಕಿತ್ತುಕೊಳ್ಳಲಿಲ್ಲ. ಹಾಲಿನ ಬಟ್ಟಲು ಹಿಡಿದು ಹೊಸ್ತಿಲಿನ ಮೇಲೆ ಕೂತರು. ಅವಳು ಬಾಗಿಲಿನಿಂದ ಕತ್ತು ಚಾಚಿ ಕುಡಿದು, ತಿರುಗಿ ಓಡಿಹೋಗಿ ನೋಡಿದಳು. ಚಪ್ಪಲಿ ಅಲ್ಲೇ ಇತ್ತು. ಮಾರನೆಯ ದಿನ ಬಟ್ಟಲು ಒಂದು ಗೇಣು ಆಚೆ ಹೋಯಿತು. ನೋಡಿದಳು, ಇತ್ತು. ಹೀಗೆ ಗೇಣು ಗೇಣಾಗಿ ಅಂಗಳದ ನಲ್ಲಿಯವರೆಗೂ ಬಂದಳು.

ಅಷ್ಟರಲ್ಲಿ ಚಿಕ್ಕಮ್ಮನ ಕೈ ತನ್ನ ಹಳೆಯ ಚಾಳಿ ತೋರಿಸಿತು. ಕೋಣೆ ತೊಳೆಯುವ ರಭಸದಲ್ಲಿ, ಜೊಲ್ಲು ಮೆತ್ತಿದ್ದ ಚಪ್ಪಲಿಯನ್ನೂ ತಿಕ್ಕಿ ಬಿಸಿಲಿಗೆ ಒಣಹಾಕಿದರು. ನಲ್ಲಿಯ ಹತ್ತಿರದಿಂದ ಕುಣಿಯುತ್ತ ಬಂದ ಮುನಿಸಮ್ಮ ಬರಿದಾದ ಕಂಬಳಿಯನ್ನು ಮೂಸಿ ನೋಡಿ, ಬಾಗಿಲಿಗೆ ಬೆನ್ನು ಮಾಡಿ ಕೂತಳು. ಚಪ್ಪಲಿ ತಂದುಕೊಟ್ಟರೂ ತಿರುಗಲಿಲ್ಲ.

"ಹಾಳಾದ ಚೊಕ್ಕಟ ನನ್ನದು! ಮತ್ತೆ ಮೊದಲಿಂದ. ಬಟ್ಟಲು ಮತ್ತೆ ಹೊಸ್ತಿಲಿಗೆ ಬಂತು. ಈಗ ಮತ್ತೆ ನಲ್ಲಿ ಮುಟ್ಟಿದೆ. ನಮ್ಮನೆಯವ್ರು ಬೇರೆ ದಿನಾ ಕೇಳ್ತಾರೆ, ಬಲಗಾಲಿಂದು ಒಂದೇ ಇಟ್ಕೊಂಡು ನಾನು ಕುಂಟೋಬಿಲ್ಲೆ ಆಡ್ಲಾ ಅಂತ."

ಇವತ್ತು ಮುನಿಸಮ್ಮನನ್ನು ಕರೆದೊಯ್ಯಲು ಮೂರನೆಯ ಮನೆಯವರು ಬರುತ್ತಿದ್ದಾರೆ. ಕನ್ನಡಕದ ಅಂಗಡಿ ನಡೆಸುವ ಅಣ್ಣ ತಂಗಿ, ಇಬ್ಬರೂ ಐವತ್ತು ದಾಟಿದವರು. ತಿಂಗಳಿನಿಂದ ವಾರವಾರವೂ ಬಂದು ಈ ಕೋಣೆಯಲ್ಲಿ ಸುಮ್ಮನೆ ಕೂತು ಹೋಗಿದ್ದಾರೆ. ಈ ಸಲವೂ ಅವಳು ವಾಪಸ್ಸು ಬಂದರೆ ಕೋಣೆಗೆ ಮತ್ತೆ ಚೀಲ ತುಂಬಿಸುತ್ತೇನೆಂದು ಯಜಮಾನರು ಹೇಳಿದ್ದಾರೆ. ಅದನ್ನು ನನಗೆ ಹೇಳುವಾಗ ಚಿಕ್ಕಮ್ಮ ಸೋಫಾದ ಮೂವರ ಕಡೆ ನೋಡಿ ಧ್ವನಿ ತಗ್ಗಿಸುತ್ತಾರೆ.

ಕಾರು ಗೇಟಿನ ಬಳಿ ನಿಲ್ಲುತ್ತದೆ. ತಂಗಿ ಒಳಗೆ ಬಂದು ಸೋಫಾದ ತುದಿಯಲ್ಲಿ ಕೂರುತ್ತಾರೆ. ಅಣ್ಣ ಬಾಗಿಲಿನಲ್ಲೇ ಬಗ್ಗಿ, "ಬಾ ಮರಿ, ಬಾ ಬಾ" ಎಂದು ತೊಡೆ ತಟ್ಟುತ್ತಾರೆ.

"ಅಣ್ಣಾ, ಕರೀಬಾರದು ಅಂತ ಎಷ್ಟು ಸಲ ಹೇಳಿಲ್ಲ ಇವ್ರು?"

"ನಾನೆಲ್ಲಿ ಕರೆದೆ? ಮಾತಾಡಿಸ್ದೆ."

"ಗಿರಾಕಿ ಕೇಳದೆ ಇದ್ರೂ ಫ್ರೇಮ್ ತೋರಿಸೋ ಚಟ, ಇಲ್ಲೂ ಬಿಡಲ್ಲ."

"ಇಬ್ರೂ ಜಗಳ ಆಡ್ತಾ ಇರಿ, ಪರವಾಗಿಲ್ಲ," ಎನ್ನುತ್ತಾರೆ ಚಿಕ್ಕಮ್ಮ. "ಮನೇಲಿ ಹೇಗಿರ್ತೀರೋ ಹಾಗೇ ಇರಿ. ಎತ್ಕೊಳ್ಳೋದು ಮಾತ್ರ ಬೇಡ. ಎತ್ಕೊಂಡು ಹೋದ್ರೆ ಅವಳು ಹೋದಂಗಲ್ಲ, ನೀವು ಒಯ್ದಂಗೆ."

ಚಿಕ್ಕಮ್ಮ ಅಂಗಳಕ್ಕೆ ಇಳಿದು ನಲ್ಲಿಯ ಬಳಿ ಬಟ್ಟಲು ತೊಳೆಯತೊಡಗುತ್ತಾರೆ. ಒಮ್ಮೆಯೂ ತಿರುಗಿ ನೋಡುವುದಿಲ್ಲ, ಆದರೆ ತೊಳೆದ ಬಟ್ಟಲನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಾರೆ. ಯಜಮಾನರು ಆಚೆ ತಮ್ಮ ಸ್ಕೂಟರ್ ಒರೆಸುತ್ತಿದ್ದಾರೆ. ಬಟ್ಟೆ ಒಂದೇ ಕಡೆ ಆಡುತ್ತಿದೆ.

ಮುನಿಸಮ್ಮ ಏಳುತ್ತಾಳೆ. ಚಪ್ಪಲಿ ಕಚ್ಚಿಕೊಂಡು ಬಾಗಿಲಿನವರೆಗೆ ಬರುತ್ತಾಳೆ. ನಿಲ್ಲುತ್ತಾಳೆ. ಅಣ್ಣನಿಗೆ ಸೀನು ಬರುವ ಹಾಗಿದೆ. ತಂಗಿ ಎದ್ದು ಬಂದು ಅವರ ಮೂಗನ್ನೇ ಹಿಡಿದುಬಿಡುತ್ತಾರೆ. ಮುನಿಸಮ್ಮ ಇಬ್ಬರನ್ನೂ ನೋಡಿ, ತಿರುಗಿ ಕಂಬಳಿಗೆ ಹೋಗುತ್ತಾಳೆ. ತಂಗಿಯ ಮುಖ ಬಾಡುತ್ತದೆ.

ಆದರೆ ಮುನಿಸಮ್ಮ ಮಲಗುವುದಿಲ್ಲ. ಚಪ್ಪಲಿಯನ್ನು ಕಂಬಳಿಯ ನಡುವೆ ಇಟ್ಟು, ಮೂತಿಯಿಂದ ನೂಕಿ ಸರಿಮಾಡುತ್ತಾಳೆ. ಬರಿಬಾಯಲ್ಲಿ ಬಂದು ಹೊಸ್ತಿಲು ದಾಟುತ್ತಾಳೆ. ನಲ್ಲಿ ದಾಟುತ್ತಾಳೆ. ಅಣ್ಣ ತಂಗಿ ಉಸಿರು ಹಿಡಿದು ಹಿಂದೆ ನಡೆಯುತ್ತಾರೆ. ಗೇಟಿನ ಹತ್ತಿರ ಬಂದವಳು ಇದ್ದಕ್ಕಿದ್ದಂತೆ ತಿರುಗಿ, ಅವರ ಕಾಲುಗಳ ಸಂದಿನಿಂದ ನುಗ್ಗಿ, ಕಿವಿಗಳು ಹಾರುವಂತೆ ಓಡಿ ಕೋಣೆ ಸೇರುತ್ತಾಳೆ.

"ಅಯ್ಯೋ, ಹೋಯ್ತು," ಎನ್ನುತ್ತಾರೆ ಅಣ್ಣ.

"ಸ್ವಲ್ಪ ಇರಿ, ನೋಡ್ಕೊಂಡು ಬರ್ತಾಳೆ," ಎನ್ನುತ್ತಾರೆ ಚಿಕ್ಕಮ್ಮ, ಬಟ್ಟಲಿನಿಂದ ತಲೆಯೆತ್ತದೆ.

ನೋಡಿಕೊಂಡು ಬರುತ್ತಾಳೆ. ಈ ಸಲ ಓಟವಿಲ್ಲ, ಬಾಲ ಅಲ್ಲಾಡಿಸುತ್ತ, ಬೀದಿ ತನ್ನದೇ ಎಂಬಂಥ ನಡಿಗೆ. ಗೇಟು ದಾಟಿ, ಕಾರಿನ ತೆರೆದ ಬಾಗಿಲಿಗೆ ತಾನೇ ಹಾರಿ, ತಂಗಿ ಕೂರಬೇಕಾದ ಜಾಗದಲ್ಲಿ ಅಗಲವಾಗಿ ಕೂರುತ್ತಾಳೆ. ಅಣ್ಣ ಜೋರಾಗಿ ನಕ್ಕು, ಅಷ್ಟು ಹೊತ್ತಿನಿಂದ ತಡೆದಿಟ್ಟಿದ್ದ ಸೀನನ್ನೂ ಸೀನುತ್ತಾರೆ. "ನೀನು ಹಿಂದೆ ಆಟೋದಲ್ಲಿ ಬಾ," ಎಂದು ತಂಗಿಗೆ ಹೇಳುತ್ತಾರೆ. ತಂಗಿ ಅಳುತ್ತಲೇ ಅಣ್ಣನ ಬೆನ್ನಿಗೆ ಗುದ್ದುತ್ತಾರೆ.

"ಚಪ್ಪಲೀನೂ ಕೊಡ್ತೀರಾ ಚಿಕ್ಕಮ್ಮ?" ಎಂದು ಕೇಳುತ್ತಾರೆ ಆಮೇಲೆ.

"ಬೇಡಮ್ಮ. ಅವಳೇ ಇಟ್ಟು ಬಂದಿದ್ದಾಳಲ್ಲ. ನಿಮ್ಮನೇಲಿ ನಿಮ್ಮದೇ ಒಂದು ಹೋಗುತ್ತೆ, ಒಳ್ಳೇದು ಎತ್ತಿಟ್ಕೊಳ್ಳಿ."

ಕಾರು ತಿರುವು ದಾಟುವವರೆಗೂ ಚಿಕ್ಕಮ್ಮ ಗೇಟಿನಲ್ಲೇ ನಿಂತಿರುತ್ತಾರೆ. ಸೆರಗಿನಲ್ಲಿ ಕೈ ಒರೆಸಿಕೊಂಡು, ಬೇಡವೆಂದರೂ ನನಗೊಂದು ಲೋಟ ಟೀ ತರುತ್ತಾರೆ. ನಿಮಗೇನು ಬೇಕು ಎಂದು ನಾನು ಕೇಳಿದರೆ ಕೋಣೆಯ ಕಡೆ ನೋಡುತ್ತಾರೆ. "ಕೋಣೇಲಿ ಒಂದು ನಾಲ್ಕು ಮೆಟ್ಟಿಲು ಇದ್ರೆ ಚೆನ್ನಾಗಿತ್ತು. ಮಹಡಿ ಮನೆಗೆ ಹೋದವ್ರು ಕೆಳಗೇ ನಿಂತು ಬೊಗಳ್ತಾರಂತೆ. ನಾಚಿಕೆ ನನಗಲ್ವಾ?"

ಯಜಮಾನರು ಸ್ಕೂಟರ್ ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಬರುತ್ತಾರೆ. ಚೀಲಗಳ ಮಾತೆತ್ತುವುದಿಲ್ಲ. ಕೋಣೆಯ ಗೋಡೆಯನ್ನು ಒಮ್ಮೆ ಕಣ್ಣಲ್ಲೇ ಅಳೆದು, "ಮೆಟ್ಟಿಲು ಈ ಕಡೆ ಬರ್ಬೇಕಾ, ಆ ಕಡೆ ಬರ್ಬೇಕಾ?" ಎಂದು ಕೇಳುತ್ತಾರೆ. ಚಿಕ್ಕಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ಕಿಟಕಿಯ ಕಡೆ ತೋರಿಸುತ್ತಾರೆ. ಯಜಮಾನರು ಅತ್ತ ನಡೆದು, ಕಾಲಿಗೆ ಅಡ್ಡವಾದ ಕಂಬಳಿಯ ಕಡೆ ಬಗ್ಗುತ್ತಾರೆ. "ಈ ಹಳೇ ಚಪ್ಪಲಿ ಇನ್ನು ಎಸೀಬಹುದಲ್ಲ?"

"ಮುಟ್ಟಬೇಡಿ ಯಜಮಾನ್ರೇ!" ಚಿಕ್ಕಮ್ಮ ಸೆರಗು ಬಿಟ್ಟು ಓಡುತ್ತಾರೆ. "ಬಿಟ್ಟು ಹೋದದ್ದು ಬಂದಾಗ ಇರುತ್ತೆ ಅಂತ ಅವಳಿಗೆ ಮಾತು ಕೊಟ್ಟಿದ್ದೀನಿ. ಬರೋದು ಬಿಡೋದು ಅವಳಿಷ್ಟ."