ಸುಮ್ಮನಾದ ನಾಣ್ಯ

ನಮ್ಮ ಮನೆಯಲ್ಲಿ ಮೂಡೆ ಬೇಯಿಸುವ ದಿನ ಎಲ್ಲಕ್ಕಿಂತ ಮೊದಲು ತೊಳೆದು ಒರೆಸಿಟ್ಟುಕೊಳ್ಳುವುದು ಒಂದು ಹಳೆಯ ನಾಲ್ಕಾಣೆಯ ನಾಣ್ಯವನ್ನು. ಕೇದಗೆ ಎಲೆಯ ಸುರುಳಿಗೆ ಹಿಟ್ಟು ಹೊಯ್ದು ಆವಿಯಲ್ಲಿ ಬಹಳ ಹೊತ್ತು ಬೇಯಿಸುವ ಈ ತಿಂಡಿಯನ್ನು ನೀವು ತಿಂದಿದ್ದರೆ, ಅದು ಬೇಯುವ ತೊಂದೂರೆಂಬ ದಪ್ಪ ಹೊಟ್ಟೆಯ ಪಾತ್ರೆಯನ್ನೂ ನೋಡಿರುತ್ತೀರಿ. ಅದರ ತಳದ ನೀರಿಗೆ ನಾಣ್ಯವೊಂದನ್ನು ಹಾಕಿಡುವುದು ನಮ್ಮ ಅಜ್ಜಿಯ ಉಪಾಯ. ನೀರು ಕುದಿಯುತ್ತಿರುವಷ್ಟು ಹೊತ್ತೂ ನಾಣ್ಯ ತಳಕ್ಕೆ ಬಡಿದುಕೊಳ್ಳುತ್ತ ಕಟಕಟವೆಂದು ಒಂದೇ ಸಮನೆ ಗಲಾಟೆ ಮಾಡುತ್ತದೆ. ನೀರು ಬತ್ತಿತೋ, ತಟ್ಟನೆ ಸುಮ್ಮನಾಗುತ್ತದೆ. ಒಲೆಯ ಬೆಂಕಿ ಹಾಗೆಯೇ ಉರಿಯುತ್ತಿರುತ್ತದೆ, ಕಿವಿಗೆ ಮಾತ್ರ ಹಾಯೆನಿಸುತ್ತದೆ. ಆ ನೆಮ್ಮದಿಯನ್ನು ನಂಬಿ ಕುಳಿತವರ ಮೂಡೆ ಸೀದುಹೋಗುತ್ತದೆ. ಚಿಕ್ಕಂದಿನಲ್ಲಿ ಈ ಶಬ್ದಕ್ಕೆ ಕಿವಿಗೊಟ್ಟು ಒಲೆಯ ಮುಂದೆ ಕಾವಲು ಕೂರುತ್ತಿದ್ದವರು ಇಬ್ಬರಂತೆ: ನನ್ನ ಅಮ್ಮ, ಮತ್ತು ಅಮ್ಮನ ಅಣ್ಣ, ಅಂದರೆ ನನ್ನ ಸೋದರಮಾವ.

ಮೌನದ ಬಗ್ಗೆ ನಮ್ಮ ಜನರಿಗಿರುವ ಗೌರವ ನನಗೆ ಇವತ್ತಿಗೂ ಬಂದಿಲ್ಲ. ಸುಮ್ಮನಿರುವವರನ್ನು ಕಂಡರೆ ಸಜ್ಜನರೆನ್ನುತ್ತೇವೆ, ಬಾಯಿ ಮಾಡುವವರನ್ನು ಕಂಡರೆ ದೂರ ಸರಿಯುತ್ತೇವೆ. ಮಾವನನ್ನು ಕಂಡು ಸರಿಯದವರಿಲ್ಲ. ಮಣಿಪಾಲದ ಹತ್ತಿರ ಅಕ್ಕಿ ಮಿಲ್ಲು ನಡೆಸಿ, ಹಗಲೆಲ್ಲ ಡೀಸೆಲ್ ಎಂಜಿನ್ನಿನ ಸದ್ದನ್ನು ಮೀರಿ ಮಾತಾಡಿ, ಮನೆಯಲ್ಲೂ ಅದೇ ಗಂಟಲಿನಲ್ಲಿ ಉಪ್ಪು ಕೇಳುತ್ತಿದ್ದ ಮನುಷ್ಯ ಅವರು. ಕಾಫಿ ತಣ್ಣಗಿದ್ದರೆ ಬೈಗುಳ, ಬಿಸಿಯಿದ್ದರೆ ಬೈಗುಳ. ಆದರೆ ಅವರ ಬೈಗುಳವನ್ನು ತಿಂದವರಾರೂ ಅವರ ಮನೆಯಿಂದ ಉಣ್ಣದೆ ಹೋದದ್ದಿಲ್ಲ.

ಅಂಥ ಮಾವ ನನ್ನ ಅಮ್ಮನೊಂದಿಗೆ ಮಾತು ಬಿಟ್ಟರು. ಅವರು ನೋಡಿಟ್ಟ ಗಂಡನ್ನು ಬೇಡವೆಂದು ನನ್ನ ತಂಗಿ ಶಶಿ ಕಾರ್ಕಳದ ತನ್ನ ಮೆಚ್ಚಿನ ಹುಡುಗನನ್ನು ಮದುವೆಯಾದಳು, ಅಮ್ಮ ಮಗಳ ಪರ ನಿಂತರು, ಕಾರಣ ಇಷ್ಟೇ. ನಮ್ಮಲ್ಲಿ ಸೋದರಮಾವನೆಂದರೆ ಬರಿಯ ನೆಂಟನಲ್ಲ, ಅವನ ಒಪ್ಪಿಗೆಯಿಲ್ಲದ ಮದುವೆ ಅರ್ಧ ಮದುವೆ. ಬೈದಿದ್ದರೆ ಅಮ್ಮ ಒಂದು ವಾರ ಅತ್ತು ಮರೆಯುತ್ತಿದ್ದರು. ಅವರು ಬೈಯಲೇ ಇಲ್ಲ. ಹತ್ತಿರ ಹತ್ತಿರ ಆರು ವರ್ಷ, ನೆಂಟರ ಮನೆಯ ಒಂದೇ ಚಪ್ಪರದಡಿ ಎದುರುಬದುರು ಕುಳಿತರೂ, ನನ್ನನ್ನು ಕರೆದು "ನಿನ್ನ ಅಮ್ಮನಿಗೆ ಹೇಳು" ಎನ್ನುವುದೇ ಅವರ ಸಂಪರ್ಕವಾಗಿತ್ತು. ಅಮ್ಮನ ಮುಖ ಆ ವರ್ಷಗಳಲ್ಲಿ ಹೇಗೆ ಬಾಡಿತೆಂಬುದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಶಶಿಗೆ ಮಗುವಾಯಿತು. ಮಗುವಿಗೆ ಮೊದಲ ತುತ್ತು ಅನ್ನವನ್ನು ಮಾವನೇ ಉಣ್ಣಿಸಬೇಕೆಂದು ಹಟ ಹಿಡಿದಳು. ಇಲ್ಲದಿದ್ದರೆ ಆ ಶಾಸ್ತ್ರವೇ ಬೇಡವೆಂದಳು. ನಾನು ಹೋಗಿ ಕೇಳಿದೆ. ಮಾವ ಗೋಡೆಯ ಕಡೆ ಮುಖ ಮಾಡಿಯೇ, "ಗಾಡಿ ತನ್ನಿ, ಬರ್ತೇನೆ. ದಾರಿಯಲ್ಲಿ ಎಂತದಾದರೂ ತೊಡಕು ಬಂದರೆ ಮಾತ್ರ ನಾನು ವಾಪಸ್. ದೇವರಿಗೇ ಬೇಡ ಅಂತ ಲೆಕ್ಕ" ಎಂದರು. ಅದಕ್ಕೆ ಒಪ್ಪದೆ ನನಗೆ ಬೇರೆ ದಾರಿಯಿರಲಿಲ್ಲ.

ಗಾಡಿಯೆಂದರೆ ನಮ್ಮವರ, ಅಂದರೆ ನನ್ನ ಗಂಡನ, ಡೀಸೆಲ್ ವ್ಯಾನು. ಕಾಪುವಿನಲ್ಲಿ ನೆಲೆಸಿದ ನಮಗೆ ಅದೇ ಅನ್ನದಾತ: ಮಟ್ಟುವಿನ ಗುಳ್ಳ ಬದನೆಯ ಬುಟ್ಟಿಗಳನ್ನು ಉಡುಪಿಗೆ, ಮದುವೆಯ ದಿಬ್ಬಣಗಳನ್ನು ಊರೂರಿಗೆ ಹೊತ್ತೊಯ್ದು, ಎಂಬತ್ತರ ದಶಕ ಕಾಲಿಡುವ ಹೊತ್ತಿಗೆ ಮುಪ್ಪಾಗಿತ್ತು. ಎಂಜಿನ್ನು ಮುಂದಿನ ಎರಡು ಸೀಟುಗಳ ನಡುವೆ, ತಗಡಿನ ಮುಚ್ಚಳದಡಿ ಕೂತಿರುತ್ತಿದ್ದುದರಿಂದ ಮುಂದೆ ಕೂತವರ ಕಾಲಿಗೆ ಸದಾ ಬಿಸಿ. ಇತ್ತೀಚೆಗೆ ಅದು ಏರು ಹತ್ತುವಾಗ ಕಾಯತೊಡಗಿತ್ತು. ನಮ್ಮವರು ನೋಡುವುದನ್ನೆಲ್ಲ ನೋಡಿದ್ದರು: ಫ್ಯಾನಿನ ಬೆಲ್ಟು ಬಿಗಿಯಾಗಿತ್ತು, ರಬ್ಬರಿನ ಕೊಳವೆಗಳು ಒಡೆದಿರಲಿಲ್ಲ, ರಾತ್ರಿ ನಿಲ್ಲಿಸಿದಲ್ಲಿ ಬೆಳಿಗ್ಗೆ ನೆಲ ಒಣಗಿಯೇ ಇರುತ್ತಿತ್ತು. ಎಲ್ಲಿಯೂ ಸೋರದ ನೀರು ಎಲ್ಲಿಗೆ ಹೋಗುತ್ತದೆಂಬುದೇ ತಿಳಿಯದೆ, ಕಡೆಗೆ ರೇಡಿಯೇಟರಿಗೆ ಒಂದು ಮುಷ್ಟಿ ಅರಸಿನದ ಪುಡಿ ಹಾಕಿ ಕೈಮುಗಿದಿದ್ದರು. ಗಾಯಕ್ಕೂ ಅರಸಿನ, ಗಾಡಿಗೂ ಅರಸಿನ.

ಶಾಸ್ತ್ರದ ದಿನ ಅಮ್ಮನನ್ನೂ ಕೂರಿಸಿಕೊಂಡು ಹೊರಟೆವು. ಏಪ್ರಿಲಿನ ಬಿಸಿಲು. ಉಡುಪಿ ದಾಟಿ ಇಂದ್ರಾಳಿಯ ಏರಿನಲ್ಲಿ ಬಿಸಿ ತೋರಿಸುವ ಮುಳ್ಳು ಮೇಲೇರಿತು. ಮಾವನ ಮನೆ ಇನ್ನು ಕೂಗಳತೆ. ನಮ್ಮವರು ಬದಿಗೆ ನಿಲ್ಲಿಸಿದರು, ಮುಳ್ಳು ಇಳಿಯುವವರೆಗೆ ಮೂವರೂ ಅದನ್ನೇ ನೋಡುತ್ತ ಕೂತೆವು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಅಣ್ಣನಿಗೆ ಗೊತ್ತಾಗಬಾರದು ಮಾರಾಯ್ರೆ" ಎಂದಷ್ಟೇ ಹೇಳಿದರು.

ಮಾವ ಬಿಳಿ ಪಂಚೆ ಉಟ್ಟು, ಕೈಯಲ್ಲೊಂದು ಬ್ಯಾಗು, ಕಂಕುಳಲ್ಲಿ ಕೊಡೆ ಹಿಡಿದು ಗೇಟಿನಲ್ಲಿಯೇ ನಿಂತಿದ್ದರು. ಮುಂದೆ ಹತ್ತಿ ಕೂತವರು ಹಿಂದಿರುಗಿ ನೋಡಲಿಲ್ಲ. ಆದರೆ ಪರ್ಕಳದ ಇಳಿಜಾರು ಮುಗಿಯುವ ಮೊದಲೇ ಗಂಟಲು ತೆರೆಯಿತು. "ಎಂತ ರಘು, ಇದು ಗಾಡಿಯಾ ಒಲೆಯಾ? ನನ್ನ ಕಾಲು ಬೇಯುತ್ತಾ ಉಂಟು!" ರಸ್ತೆಯ ಹೊಂಡಕ್ಕೆ ಬೈದರು, ನಮ್ಮವರು ಗೇರು ಬದಲಿಸುವ ರೀತಿಗೆ ಬೈದರು, ಪಂಚಾಯತಿಗೆ ಬೈದರು, ಮತ್ತೆ ಕಾಲಿನ ಬಿಸಿಗೆ ಬಂದರು. ಹಿಂದಿನ ಸೀಟಿನಲ್ಲಿ ಅಮ್ಮ ಕಣ್ಣುಮುಚ್ಚಿ ಅದನ್ನು ಕೇಳುತ್ತಿದ್ದರು. ಅವರ ತುಟಿಯ ಮೂಲೆಯಲ್ಲಿ ನಗುವಿತ್ತೆಂದರೆ ನೀವು ನಂಬಬೇಕು.

ಹಿರಿಯಡ್ಕ ದಾಟಿದ ಮೇಲೆ ಮುಳ್ಳು ಮತ್ತೆ ಏರಿತು. ನಾನು ನಮ್ಮವರ ಭುಜದ ಮೇಲಿಂದ ಇಣುಕಿ ನೋಡುತ್ತಲೇ ಇದ್ದೆ. ಅವರ ಕುತ್ತಿಗೆಯ ಹಿಂದೆ ಬೆವರು ಇಳಿಯುತ್ತಿತ್ತು. ಏರುತ್ತ ಏರುತ್ತ ಕೆಂಪು ಗೆರೆಯ ಅಂಚಿಗೆ ಬಂದ ಮುಳ್ಳು, ಬೈಲೂರಿನ ಕಡೆಯ ಏರೊಂದರ ನಡುವೆ ನಡುಗಿತು, ನಿಂತಿತು, ಆಮೇಲೆ ಮೆಲ್ಲಗೆ ಕೆಳಗಿಳಿಯತೊಡಗಿತು. "ಇಳಿಯಿತು!" ಎಂದರು ನಮ್ಮವರು, ಬಾಯ್ತಪ್ಪಿ. ನನ್ನ ಎದೆಯ ಮೇಲಿಂದ ಕಲ್ಲು ಸರಿದ ಹಾಗಾಯಿತು. ಅರಸಿನ ಕೆಲಸ ಮಾಡಿತು, ಮಗು ಅನ್ನ ಉಣ್ಣುತ್ತದೆ, ಅಣ್ಣತಂಗಿ ಮಾತಾಡುತ್ತಾರೆ, ಇನ್ನೇನು ಬೇಕು ಎಂದು ಮನಸ್ಸು ಕಾರ್ಕಳಕ್ಕೆ ಮೊದಲೇ ಹೋಗಿ ಮುಟ್ಟಿತು. ಮಾವನ ಬಾಯಿಯೂ ಆಗಲೇ ನಿಂತಿತ್ತು. ಕಾಲಿನ ಬಿಸಿಯೂ ಕಡಿಮೆಯಾಗಿರಬೇಕೆಂದುಕೊಂಡೆ.

ಅಮ್ಮ ಮಾತ್ರ ಕಣ್ಣು ತೆರೆದು ನೆಟ್ಟಗೆ ಕೂತರು. ಮಾವನ ಬೆನ್ನನ್ನೇ ನೋಡಿದರು. ಆಮೇಲೆ ನನ್ನ ಮೂಲಕವಲ್ಲ, ನಮ್ಮವರ ಮೂಲಕವಲ್ಲ, ನೇರವಾಗಿ, ಮುಂದಕ್ಕೆ ಬಾಗಿ ಕೇಳಿದರು:

"ಅಣ್ಣ, ಕಾಲು ಸುಡ್ತಾ ಉಂಟಾ?"

ಮಾವ ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಎಂಜಿನ್ನಿನ ಸದ್ದೊಂದೇ.

"ನಮ್ಮಮ್ಮ ತೊಂದೂರು ಇಟ್ಟು ಹೋಗಿದ್ದಾರೆ ಅಂತ ತಿಳಿದುಕೊ," ಅಮ್ಮ ಮೆಲ್ಲಗೆ ಮುಂದುವರಿಸಿದರು. "ಸದ್ದು ನಿಂತಿದೆ. ನಿಜ ಹೇಳು. ಸುಡ್ತಾ ಉಂಟಾ ಇಲ್ವಾ?"

ಮಾವನ ಹೆಗಲು ಒಮ್ಮೆ ಮೇಲೇರಿ ಕುಸಿಯಿತು. "ಸುಡ್ತಾ ಉಂಟು," ಎಂದರು. "ಮೊದಲಿಗಿಂತ ಜಾಸ್ತಿ." ಮತ್ತೆ ನಮ್ಮವರ ಕಡೆ ತಿರುಗಿ, "ನಿಲ್ಲಿಸು. ಮುಳ್ಳು ಇಳಿದದ್ದು ತಣ್ಣಗಾಗಿ ಅಲ್ಲ. ಒಳಗೆ ನೀರೇ ಇಲ್ಲ" ಎಂದರು.

ಬಿಸಿ ಅಳೆಯುವ ಬಲ್ಬು ನೀರಿನಲ್ಲಿ ಮುಳುಗಿದ್ದರಷ್ಟೇ ಸತ್ಯ ಹೇಳುತ್ತದಂತೆ. ನೀರು ಅದಕ್ಕಿಂತ ಕೆಳಗಿಳಿದರೆ ಖಾಲಿ ಜಾಗದಲ್ಲಿ ನಿಂತು ಎಲ್ಲ ಸರಿಯಿದೆಯೆಂದು ಮುಳ್ಳನ್ನು ಇಳಿಸಿಬಿಡುತ್ತದೆ. ಮಿಲ್ಲಿನ ಎಂಜಿನ್ನಿನೊಂದಿಗೆ ಬಾಳಿದ ಮಾವನಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿ ಕೂತಿದ್ದರು. ಇನ್ನೊಂದು ಮೈಲು ಹೋಗಿದ್ದರೆ ಎಂಜಿನ್ನು ಕಚ್ಚಿಕೊಂಡು ನಿಲ್ಲುತ್ತಿತ್ತು, ದೇವರಿಗೇ ಬೇಡವೆಂದು ಅವರು ವಾಪಸಾಗುತ್ತಿದ್ದರು, ತಪ್ಪು ಯಾರದ್ದೂ ಆಗುತ್ತಿರಲಿಲ್ಲ. ಇದು ನನಗೆ ಆಗ ಹೊಳೆದದ್ದಲ್ಲ. ಅಮ್ಮನಿಗೆ ಆ ಕ್ಷಣದಲ್ಲೇ ಹೊಳೆದಿತ್ತು.

ವ್ಯಾನು ನಿಂತಿತು. ಸುತ್ತ ಕೆಂಪು ಮುರಕಲ್ಲಿನ ಬಯಲು, ಒಂದು ಗೋಳಿಮರ, ಅಷ್ಟು ದೂರದಲ್ಲೊಂದು ಹಂಚಿನ ಮನೆ. ಮಾವ ಬ್ಯಾಗು, ಕೊಡೆ ಎರಡನ್ನೂ ತೆಗೆದುಕೊಂಡು ಇಳಿದು, ರಸ್ತೆ ದಾಟಿ ಉಡುಪಿಗೆ ಹೋಗುವ ಬದಿಯಲ್ಲಿ ನಿಂತರು. ಕೇಳಿದ್ದಕ್ಕೆ ನಿಜ ಹೇಳಿಯಾಗಿತ್ತು. ಇನ್ನು ಅವರ ಷರತ್ತು ಬಾಕಿಯಿತ್ತು. ಅಮ್ಮ ಗೋಳಿಮರದ ಬೇರಿನ ಮೇಲೆ ಕೂತು ಸೆರಗಿನ ಅಂಚನ್ನು ಸುತ್ತಿ ಬಿಚ್ಚಿ ಮಾಡುತ್ತಿದ್ದರು. ಹೋಗಬೇಡವೆಂದು ಅವರು ಕರೆಯಲಿಲ್ಲ. ಕರೆದರೆ ಅವರ ಅಣ್ಣ ಖಂಡಿತ ಹೋಗಿಬಿಡುತ್ತಾರೆಂದು ಅವರಿಗೆ ತಿಳಿದಿತ್ತು.

ಬಸ್ಸು ಬಂತು. ತಿರುವಿನಲ್ಲಿ ಮೊದಲು ಧೂಳು, ಆಮೇಲೆ ಹಾರನ್ನು. ಮಾವ ಕೊಡೆಯೆತ್ತಿದರು, ಬಸ್ಸು ನಿಧಾನಿಸಿತು, ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತ "ಉಡುಪಿ, ಉಡುಪಿ, ಬೇಗ ಹತ್ತಿ" ಎಂದು ಕೂಗಿದ. ಅದೇ ಗಳಿಗೆಯಲ್ಲಿ ಈಚೆ ನಮ್ಮವರು, ಗಾಬರಿಯಲ್ಲಿ ಬುದ್ಧಿಗೆಟ್ಟು, ಹೆಗಲ ಮೇಲಿನ ಬೈರಾಸನ್ನು ಕೈಗೆ ಸುತ್ತಿಕೊಂಡು ಬಿಸಿ ಆವಿ ತುಂಬಿದ ರೇಡಿಯೇಟರಿನ ಮುಚ್ಚಳ ತಿರುಗಿಸಲು ಹೊರಟಿದ್ದರು.

"ಮುಟ್ಟಬೇಡ! ಏ ರಘು! ಮುಖ ಬೇಯ್ತದೆ, ಕೈ ತೆಗಿ!"

ಆ ಗಂಟಲಿಗೆ ಬಸ್ಸಿನೊಳಗಿನವರೂ ಬೆಚ್ಚಿ ಹೊರಗೆ ನೋಡಿದರು. ಮಾವ ಪಂಚೆ ಎತ್ತಿ ಹಿಡಿದು ರಸ್ತೆಯ ಈಚೆಗೆ ಓಡಿಬಂದು, ನಮ್ಮವರ ತೋಳು ಹಿಡಿದು ಎಳೆದರು. ಕಂಡಕ್ಟರು ಇನ್ನೊಮ್ಮೆ ಕೂಗಿದ. "ಹೋಗು ಮಾರಾಯ, ಇಲ್ಲಿ ಕೆಲಸ ಉಂಟು!" ಎಂದು ಮಾವ ತಿರುಗಿಯೂ ನೋಡದೆ ಗದರಿದರು. ಬಸ್ಸು ಹೋಯಿತು.

ಆಮೇಲಿನದು ಮಿಲ್ಲಿನ ದರ್ಬಾರು. ತಣ್ಣಗಾಗುವವರೆಗೆ ಯಾರೂ ಏನೂ ಮುಟ್ಟಬಾರದೆಂದು ಅಪ್ಪಣೆಯಾಯಿತು. ಮೊದಲು ಎಣ್ಣೆಯ ಕಡ್ಡಿ. ನೀರು ಎಂಜಿನ್ನಿನ ಒಳಗೇ ಸೇರಿದ್ದರೆ ಎಣ್ಣೆ ತೆಂಗಿನ ಹಾಲಿನಂತೆ ಬೆಳ್ಳಗಾಗಿರುತ್ತದೆ, ಹಾಗಿದ್ದರೆ ವ್ಯಾನಿನ ಕಥೆ ಇಲ್ಲಿಗೇ ಮುಗಿಯಿತು ಎಂದು ಮಾವ ಹೇಳುವಾಗ ನಮ್ಮವರ ಮುಖದಲ್ಲಿ ರಕ್ತವಿರಲಿಲ್ಲ. ಕಡ್ಡಿ ಎಳೆದು ಬಿಸಿಲಿಗೆ ಹಿಡಿದರು. ಎಣ್ಣೆ ಕಪ್ಪಗೆ, ಶುದ್ಧವಾಗಿತ್ತು. ಕೊಳವೆಗಳನ್ನು ತಡವಿದರು, ಪಂಪಿನ ಕೆಳಗೆ ಬೆರಳು ಹಾಯಿಸಿದರು, ಎಲ್ಲ ಒಣ. ಕಡೆಗೆ ಮುಚ್ಚಳದ ಸುತ್ತ ಅರಸಿನದ ಕಲೆಯೊಂದು ಕಂಡಿತು, ಒಣಗಿ ಹೆಪ್ಪುಗಟ್ಟಿದ್ದು. ತಣಿದ ಮೇಲೆ ಮುಚ್ಚಳ ತೆಗೆದರೆ ಒಳಗಿನ ರಬ್ಬರು ಸವೆದುಹೋಗಿ, ಅದರ ಬದಲಿಗೆ ಯಾರೋ ಹಿಂದಿನ ಮಾಲೀಕರು ಸುತ್ತಿಟ್ಟ ಬಟ್ಟೆಯ ತುಂಡು.

ಅಮ್ಮ ಅಷ್ಟು ಹೊತ್ತಿಗೆ ಎದ್ದು ಬಂದು ಹತ್ತಿರ ನಿಂತಿದ್ದರು. "ಇದು ಮೂಡೆಯ ಪಾತ್ರೆಗೆ ಬಟ್ಟೆ ಸುತ್ತಿದ ಹಾಗೆ ಉಂಟಲ್ಲ," ಎಂದರು. "ಆವಿ ಹೋಗದೆ ಇರ್ತದಾ?"

"ಅದನ್ನೇ ಹೇಳುವುದು ನಾನು!" ಮಾವ ಗುಡುಗಿದರು, ಇನ್ನೂ ಒಂದು ಮಾತೂ ಹೇಳಿರದಿದ್ದರೂ. ಮುಚ್ಚಳ ಬಿಗಿಯಾಗಿದ್ದರೆ ಒಳಗೆ ಒತ್ತಡ ನಿಂತು ನೀರು ಬೇಗ ಕುದಿಯುವುದಿಲ್ಲ. ಸಡಿಲವಿದ್ದರೆ ಓಡುತ್ತಿರುವಾಗ ಆವಿಯಾಗಿ ಹೋಗುತ್ತದೆ, ನಿಂತಾಗ ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ. ನಮ್ಮವರು ತಿಂಗಳುಗಟ್ಟಲೆ ಕೆಳಗೆ ಬಗ್ಗಿ ಹುಡುಕಿದ್ದು ಮೇಲಿನಿಂದ ಹೋಗುತ್ತಿತ್ತು.

ನಾನು ಹಂಚಿನ ಮನೆಗೆ ಹೋದೆ. ಆ ಮನೆಯ ಹೆಂಗಸು ಕೊಡಪಾನ ತುಂಬುವ ಮೊದಲು ನನ್ನನ್ನು ಕೂರಿಸಿ ಬೆಲ್ಲ, ನೀರು ಕೊಟ್ಟರು; ಗಾಡಿಯ ಬಾಯಾರಿಕೆಗೆ ಬಂದವಳ ಬಾಯಾರಿಕೆಯನ್ನು ಮರೆಯದ ಅವರನ್ನು ನಾನೂ ಮರೆತಿಲ್ಲ. ನೀರು ಹೊತ್ತು ಮರಳುವಾಗ, ಸೀಟಿನಡಿಯಲ್ಲಿದ್ದ ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಮಾವ ಬ್ಲೇಡಿನಿಂದ ಮುಚ್ಚಳದ ಅಳತೆಗೆ ಉರುಟಾಗಿ ಕತ್ತರಿಸುತ್ತಿದ್ದರು, ಅಮ್ಮ ಅದರ ಇನ್ನೊಂದು ಅಂಚನ್ನು ಹಿಡಿದಿದ್ದರು. "ಗಟ್ಟಿ ಹಿಡಿ ಗಿರಿಜಾ! ಚಿಕ್ಕಂದಿನಿಂದ ಹೀಗೆಯೇ ನೀನು, ಒಂದು ಕೆಲಸ ನೆಟ್ಟಗೆ ಬರುವುದಿಲ್ಲ." ಅಮ್ಮ ತಲೆ ತಗ್ಗಿಸಿ ಗಟ್ಟಿಯಾಗಿ ಹಿಡಿದರು. ಅವರ ಕಣ್ಣಿನಿಂದ ನೀರು ಟ್ಯೂಬಿನ ಮೇಲೆ ಬೀಳುತ್ತಿತ್ತು.

ಕಾರ್ಕಳದಲ್ಲಿ ಶಶಿ ಅಂಗಳದ ತುದಿಯಲ್ಲೇ ಕಾಯುತ್ತಿದ್ದಳು. ಮಾವನ ಮುಂದೆ ಕಾಲು ತೊಳೆಯುವ ನೀರಿನ ಚೊಂಬು ಹಿಡಿದು ನಿಂತಳು. ಅವರು ಪಂಚೆ ಸರಿಸಿ ಕಾಲು ಮುಂದಿಟ್ಟಾಗ ನಾವೆಲ್ಲರೂ ನೋಡಿದೆವು: ಬಲಗಾಲಿನ ಮೀನಖಂಡದ ಬದಿ ಕೆಂಪಾಗಿ, ನಡುವೆ ಬೊಬ್ಬೆಯೆದ್ದಿತ್ತು. ಅಷ್ಟು ಸುಡುತ್ತಿದ್ದರೂ ಮಾತಾಡದೆ ಕೂತಿದ್ದರು ಆ ಮನುಷ್ಯ. ಅಮ್ಮ ತೆಂಗಿನೆಣ್ಣೆ ತರಲು ಒಳಗೆ ಹೋದರು.

"ಎಂತ ನೋಡುವುದು ನೀನು?" ಮಾವ ಶಶಿಯ ಮೇಲೆ ಹರಿಹಾಯ್ದರು. "ಮಗುವಿಗೆ ಹಸಿವಾಗುವುದಿಲ್ಲವಾ? ಅನ್ನ ಎಲ್ಲಿ? ಇಷ್ಟು ಹೊತ್ತು ಕಾಯಿಸುವುದಾ ಪಾಪದ್ದನ್ನು?"

ಶಶಿ ಅಡುಗೆಮನೆಗೆ ಓಡಿಬಂದು ನನ್ನ ಹೆಗಲಿಗೆ ಮುಖವಿಟ್ಟಳು. "ಅಕ್ಕ, ಮಾವ ನನಗೆ ಬೈದರು," ಎಂದಳು, ಅಳುತ್ತ, ನಗುತ್ತ.

ಮಾವನೂ ಇಲ್ಲ, ಅಮ್ಮನೂ ಇಲ್ಲ, ವ್ಯಾನು ಎಂದೋ ಗುಜರಿಗೆ ಹೋಯಿತು. ನಾಲ್ಕಾಣೆ ಮಾತ್ರ ನನ್ನ ಪಾಲಿಗೆ ಬಂದಿದೆ. ಮೂಡೆ ಬೇಯುವಾಗ ಬಂದ ನೆಂಟರು ಅದೆಂಥ ಗಲಾಟೆಯೆಂದು ಕಿವಿ ಮುಚ್ಚಿಕೊಳ್ಳುತ್ತಾರೆ. ಮೊದಲೆಲ್ಲ ನಾನೂ ಆ ಸದ್ದು ನಿಂತಾಗ ನೀರು ಹೊಯ್ಯಲು ಎದ್ದು ಹೋಗುತ್ತಿದ್ದೆ, ಅಜ್ಜಿ ಕಲಿಸಿದ್ದು ಹಾಗೆಯೇ. ಅಮ್ಮ ಆ ಏಪ್ರಿಲಿನ ನಂತರ ಹಾಗೆ ಮಾಡಲಿಲ್ಲ. ಈಗ ನಾನೂ ಮಾಡುವುದಿಲ್ಲ. ನಾಣ್ಯ ಇನ್ನೂ ಬೈಯುತ್ತಿರುವಾಗಲೇ, ಒಂದು ಚೊಂಬು ಬಿಸಿನೀರು ಹಿಡಿದು ಒಲೆಯ ಹತ್ತಿರ ನಿಂತಿರುತ್ತೇನೆ.