ಹೊಲಿಗೆ ಗಟ್ಟಿ ಉಂಟಾ?

ಕಳೆದ ವಾರ ಅಟ್ಟದ ಪೆಟ್ಟಿಗೆ ಖಾಲಿ ಮಾಡುವಾಗ ಒಂದು ಖಾಕಿ ಬಟ್ಟೆಯ ಚೀಲ ಕೈಗೆ ಬಂತು. ಮೂಗಿಗೆ ಹಿಡಿದೆ. ಹೊಲಿಗೆ ಮೆಷಿನ್ನಿನ ಎಣ್ಣೆ, ಟೈಲರ್ ಚಾಕಿನ ಹುಡಿ... ಇಷ್ಟು ವರ್ಷದ ಮೇಲೆ ಯಾವ ವಾಸನೆಯೂ ಉಳಿಯುವುದಿಲ್ಲ ಎಂದು ಮಗಳು ವಾದಿಸಿದಳು. ಅವಳಿಗೆ ವಾದಕ್ಕೆ ಏನಾದರೊಂದು ಬೇಕು. ನನಗಂತೂ ಪಾಣೆಮಂಗಳೂರು ಪೇಟೆಯ ಆ ಸಣ್ಣ ಅಂಗಡಿಯೂ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಕೂತ ನಮ್ಮ ಟೈಲರ್ ಮಾಮನೂ ಕಣ್ಣಿಗೆ ಕಟ್ಟಿದರು.

ಮಾಮ ಎಂದರೆ ನೆಂಟಸ್ತಿಕೆ ಏನಲ್ಲ. ನಮ್ಮ ಮನೆಗೂ ಅವರ ಅಂಗಡಿಗೂ ನಡುವೆ ಒಂದೇ ಗೋಡೆ, ಅಷ್ಟೇ. ಬೇಗ ಹೊಲಿದುಕೊಡುವ ಬೇರೆ ಟೈಲರುಗಳು ಪೇಟೆಯಲ್ಲಿದ್ದರು. ಮಾಮ ನಿಧಾನ. ಅದಕ್ಕಿಂತ ದೊಡ್ಡ ಉಪದ್ರವೆಂದರೆ, ಅವರಲ್ಲಿ ಹೊಲಿಸಿದವರು ತಿಂಗಳು ಕಳೆದ ಮೇಲೆ ಅದೇ ಬಟ್ಟೆಯನ್ನು ತಂದು ತೋರಿಸಬೇಕಿತ್ತು. ತಪ್ಪಿಸಿಕೊಂಡವರನ್ನು ಬಸ್‌ಸ್ಟ್ಯಾಂಡಿನಲ್ಲಾದರೂ ಹಿಡಿಯುತ್ತಿದ್ದರು. "ಹೊಲಿಗೆ ಗಟ್ಟಿ ಉಂಟಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ತೋಳಿನ ಹೊಲಿಗೆಯನ್ನು ಎರಡು ಬೆರಳಲ್ಲಿ ಎಳೆದು ನೋಡುವರು. ಒಂದು ಮದುವೆಯಲ್ಲಿ ಅಕ್ಷತೆ ಹಾಕಲು ಹೋದವರು ಮದುಮಗನ ಅಂಗಿಯನ್ನೇ ಎಳೆದಿದ್ದರಂತೆ. ಅವರ ದನಿಯನ್ನು ಅಣಕಿಸಿ ನಾನು ಅಮ್ಮನಿಂದ ಬೈಸಿಕೊಂಡದ್ದೂ ಉಂಟು.

ಹೈಸ್ಕೂಲಿನಲ್ಲಿದ್ದಾಗ ಒಂದು ಮಧ್ಯಾಹ್ನ ಲಂಗ ತರಲು ಹೋದವಳು ಕೇಳಿಯೇ ಬಿಟ್ಟೆ. "ನಿಮಗೆ ನಿಮ್ಮ ಹೊಲಿಗೆ ಮೇಲೆಯೇ ನಂಬಿಕೆ ಇಲ್ವಾ ಮಾಮ?"

ಮಾಮ ಮೆಷಿನ್ ನಿಲ್ಲಿಸಿದರು. ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ, ಸ್ಟೂಲು ತೋರಿಸಿ ಕೂರಿಸಿದರು.

ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಿದ್ದ ಅವರನ್ನು, ಹೊಲಿಗೆ ಬರುತ್ತದೆ ಎಂಬ ಒಂದೇ ಕಾರಣಕ್ಕೆ, ಬರ್ಮಾ ಗಡಿಯ ಹತ್ತಿರದ ವಿಮಾನನೆಲೆಗೆ ಕಳಿಸಿದ್ದರಂತೆ. ಬಾಂಬು ಹಾಕುವ ವಿಮಾನಗಳ ಒಂದು ದಂಡು ಅಲ್ಲಿತ್ತು. ಪ್ಯಾರಾಚೂಟುಗಳ ಹರಕು ಹೊಲಿದು, ಉದ್ದದ ಮೇಜಿನ ಮೇಲೆ ಹಾಸಿ ಮಡಚಿ, ಚೀಲಕ್ಕೆ ತುಂಬುವುದು ಮಾಮನ ಕೆಲಸ. ಒಂದೊಂದು ಚೀಲಕ್ಕೂ ಕಪಾಟಿನಲ್ಲಿ ಒಂದೊಂದು ಗೂಡು. ವಿಮಾನ ಹತ್ತುವ ಹುಡುಗರು ಚೀಲ ಹೊತ್ತು ಹೋಗುವರು, ಬಂದ ಮೇಲೆ ಬಿಚ್ಚದೆ ಹಾಗೆಯೇ ತಂದಿಡುವರು. "ನನ್ನ ಕೆಲಸ ಯಾರಿಗೂ ಬೇಕಾಗದಿದ್ರೆ ಅದೇ ಒಳ್ಳೆ ದಿನ ಮಾರಾಯ್ತಿ" ಎಂದರು.

ಒಂದು ದಿನ ಶತ್ರುಗಳ ರೈಲ್ವೆ ಯಾರ್ಡಿಗೆ ಬಾಂಬು ಹಾಕಲು ಇಡೀ ದಂಡು ಹೊರಟಿತು. ಯಾರ್ಡು ಪುಡಿಯಾಯಿತೆಂದು ಅಧಿಕಾರಿಗಳು ಕೈಕುಲುಕಿದರಂತೆ. ಸಂಜೆ ಮಾಮನ ಕಪಾಟಿನಲ್ಲಿ ಅರ್ಧಕ್ಕರ್ಧ ಗೂಡು ಖಾಲಿ. ಹೊತ್ತಿಕೊಂಡ ವಿಮಾನಗಳಿಂದ ಕೆಲವರು ಹಾರಿದ್ದು ಕಂಡಿತು, ಹೊಗೆಯಲ್ಲಿ ಮುಂದೇನಾಯಿತೋ ಕಾಣಲಿಲ್ಲ ಎಂದರು ಮರಳಿದವರು. ಮಾಮ ಒಬ್ಬೊಬ್ಬರ ಹಿಂದೆಯೂ ಹೋಗಿ, ತನ್ನ ಹರಕು ಇಂಗ್ಲಿಷಿನಲ್ಲಿ, ಪ್ಯಾರಾಚೂಟು ಬಿಚ್ಚಿಕೊಂಡಿತಾ, ಹೊಲಿಗೆ ತಡೆಯಿತಾ ಎಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಹಾರಿದವರಲ್ಲಿ ಯಾರೂ ವಾಪಸು ಬರಲಿಲ್ಲ, ಸುದ್ದಿಯೂ ಬರಲಿಲ್ಲ.

"ಹೊಲಿಗೆ ಬಿಟ್ಟಿತು ಅಂತ ಹೇಳಿದ್ರೂ ಆಗ್ತಿತ್ತು. ಬೈದ್ರೂ ಆಗ್ತಿತ್ತು. ಏನೂ ಗೊತ್ತಾಗ್ಲಿಲ್ಲ ನೋಡು... ಈಗ ಒಂದು ಚಡ್ಡಿ ಹೊಲಿದ್ರೂ ಕೇಳದೆ ಇರ್ಲಿಕ್ಕೆ ಆಗುದಿಲ್ಲ. ನೀನು ನಗು, ತೊಂದರೆ ಇಲ್ಲ."

ನಾನು ನಗಲಿಲ್ಲ. ಆಮೇಲೆ ಯಾವ ಬಟ್ಟೆ ಹೊಲಿಸಿದರೂ ಅವರು ಕರೆಯುವ ಮುಂಚೆ ನಾನೇ ಹೋಗಿ ತೋರಿಸುತ್ತಿದ್ದೆ. ಅವರು ಎಳೆದು ನೋಡಿ, ತಲೆಯಾಡಿಸಿ, ಡಬ್ಬದಿಂದ ಒಂದು ಪೆಪ್ಪರ್‌ಮೆಂಟು ಕೊಡುತ್ತಿದ್ದರು. ಆ ಮುದುಕನ ಮುಖ ಆ ಹೊತ್ತಿಗೆ ಎಷ್ಟು ಚಂದ ಆಗುತ್ತಿತ್ತು!

ವೇಣೂರಿನ ಶಾಲೆಯಲ್ಲಿ ನನಗೆ ಟೀಚರ್ ಕೆಲಸವಾದಾಗ ಮಾಮ ಈ ಖಾಕಿ ಚೀಲ ಹೊಲಿದುಕೊಟ್ಟರು. ಇಸ್ತ್ರಿಪೆಟ್ಟಿಗೆಯನ್ನು ಅದರೊಳಗಿಟ್ಟು ಎರಡು ದಿನ ಕೊಕ್ಕೆಗೆ ನೇತುಹಾಕಿ ಪರೀಕ್ಷೆಯನ್ನೂ ಮಾಡಿದ್ದರು. ಬಸ್ ಹತ್ತುವಾಗ ಒಂದು ಪೋಸ್ಟ್ ಕಾರ್ಡು ಕೈಗಿಟ್ಟರು. ಅಂಗಡಿಯ ವಿಳಾಸವನ್ನು ಅವರೇ ಬರೆದಿದ್ದರು. "ಒಂದು ತಿಂಗಳು ಕಳೆದು ಹಾಕು. ಒಂದೇ ಗೆರೆ ಸಾಕು, ಹೊಲಿಗೆ ಗಟ್ಟಿ ಉಂಟಾ ಇಲ್ವಾ ಅಂತ."

ತಿಂಗಳು ಕಳೆಯಿತು. ನಾಳೆ ಹಾಕುವ, ನಾಳೆ ಹಾಕುವ ಎಂದುಕೊಂಡೆ. ಹೊಸ ಕೆಲಸ, ಹೊಸ ಊರು, ಪರೀಕ್ಷೆಯ ಪೇಪರು... ವೇಣೂರೇನು ಕಾಶಿಯೇ, ರಜೆಯಲ್ಲಿ ಹೋಗಿ ಚೀಲವನ್ನೇ ತೋರಿಸಿದರಾಯಿತು ಎಂದು ಆಮೇಲೆ ಕಾರ್ಡನ್ನೇ ಮರೆತೆ. ರಜೆಗೆ ಬಂದಾಗ ಅಂಗಡಿಗೆ ಬೀಗ. ಮಾಮ ಜ್ವರ ಬಂದು ನಾಲ್ಕೇ ದಿನದಲ್ಲಿ ಹೋಗಿಬಿಟ್ಟಿದ್ದರು. ಶಾಲೆಗೆ ಹೇಳಿಕಳಿಸಲು ಯಾರಿಗೂ ತೋಚಿರಲಿಲ್ಲ.

"ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ದಿನಾ ಹೊರಗೆ ಬಂದು ನಿಲ್ತಿದ್ರು. ಯಾಕೆ ಅಂತ ಗೊತ್ತಿಲ್ಲ" ಎಂದರು ಅಮ್ಮ. ನನಗೆ ಗೊತ್ತಿತ್ತು. ಅಮ್ಮನಿಗೆ ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಈಗ ಚೀಲದ ತಳ ಸವೆದಿದೆ, ಬಕಲು ತುಕ್ಕು ಹಿಡಿದಿದೆ. ಒಳಗಿನ ಜೇಬಿನಲ್ಲಿ ಆ ಕಾರ್ಡು ಇನ್ನೂ ಇದೆ, ಒಂದು ಬದಿಯಲ್ಲಿ ಅವರ ಗುಂಡು ಅಕ್ಷರ, ಇನ್ನೊಂದು ಬದಿ ಖಾಲಿ. ಹಿಡಿಕೆಯ ಬುಡದ ಹೊಲಿಗೆಯನ್ನು ಎರಡು ಬೆರಳಲ್ಲಿ ಹಿಡಿದು ಜೋರಾಗಿ ಎಳೆದೆ. "ಹರಿಯುತ್ತದಮ್ಮ, ಬಿಡು" ಎಂದಳು ಮಗಳು. ಹರಿಯಲಿಲ್ಲ. ಒಂದೆಳೆಯೂ ಬಿಟ್ಟಿಲ್ಲ.

ಮಾಮನಿಗೆ ಹೇಳಿಕಳಿಸಲು ಆ ವಿಮಾನದ ಹುಡುಗರಿಗೆ ದಾರಿ ಇರಲಿಲ್ಲ. ನನ್ನ ಚೀಲದ ಜೇಬಿನಲ್ಲಿ ಕಾರ್ಡಿತ್ತು.