ಹದ್ದಿನ ಗೂಡು ಕಾದ ಟೈಲರಮ್ಮ

ನಮ್ಮ ತುಮಕೂರಿನ ಹಕ್ಕಿಪ್ರಿಯರ ವಾಟ್ಸಾಪ್ ಗ್ರೂಪಿನಲ್ಲಿ ಗುಬ್ಬಿಯ ಟೈಲರಮ್ಮ ಒಬ್ಬರಿದ್ದರು. ದಿನಾ ಬೆಳಿಗ್ಗೆ ಮೊಬೈಲನ್ನು ನೂಲಿನ ಡಬ್ಬಿಗೆ ಒರಗಿಸಿ, ಅಮೆರಿಕದ ಬಿಳಿತಲೆ ಹದ್ದಿನ ಗೂಡನ್ನು ಲೈವ್‌ನಲ್ಲಿ ನೋಡುತ್ತಲೇ ರವಿಕೆ ಹೊಲಿಯುತ್ತಿದ್ದರು. ತಾಯಿ ಹದ್ದಿನ ಬಗ್ಗೆ ನಾವು ಏನೇ ಆತಂಕಪಟ್ಟರೂ, “ಅವ್ಳಿಗೆ ಗೊತ್ತು ಬುಡಿ ಸಾರ್” ಎನ್ನುವರು.

ಒಮ್ಮೆ ಕಾವಿಗೆ ಕೂತ ಹದ್ದು ಕತ್ತಿನವರೆಗೂ ಹಿಮದಲ್ಲಿ ಹೂತುಹೋಯಿತು. ಆಮೇಲೆ ದಿನ ತುಂಬಿದರೂ ಮೊಟ್ಟೆ ಒಡೆಯಲಿಲ್ಲ. ನಾವೆಲ್ಲ ಆಸೆ ಬಿಟ್ಟು ನೋಡುವುದನ್ನೇ ನಿಲ್ಲಿಸಿದೆವು.

“ಅವ್ಳೇ ಎದ್ದಿಲ್ಲ, ನಾನ್ಯಾಕ್ ಏಳ್ಲಿ?” ಎಂದರು ಟೈಲರಮ್ಮ.

ನಾವು ನೋಡುವುದು ಬಿಟ್ಟ ನಾಲ್ಕನೆಯ ಬೆಳಿಗ್ಗೆ, ತಮ್ಮ ಮೊಬೈಲಿನಲ್ಲಿ ಗೂಡಿನ ಲೈವ್ ಓಡುತ್ತಿದ್ದುದರಿಂದ, ಪಕ್ಕದಂಗಡಿಯ ಫೋನಿನಿಂದ ನನಗೆ ಕರೆ ಮಾಡಿದರು. “ಕೇಳಿ ಸಾರ್” ಎಂದು ಆ ಫೋನನ್ನು ತಮ್ಮ ಮೊಬೈಲಿನ ಹತ್ತಿರ ಹಿಡಿದರು. ಗುಬ್ಬಿಯ ಆ ಪುಟ್ಟ ಅಂಗಡಿಯಿಂದ, ಹದ್ದಿನ ಮರಿ ಚೀಂಗುಟ್ಟುವುದು ನನಗೆ ಸ್ಪಷ್ಟವಾಗಿ ಕೇಳಿಸಿತು.